ಸಾವಕಾಶ ಭಾವನ ಜೀಪು

ನಮ್ಮ ಭಾವನ ಜೀಪಿನಲ್ಲಿ ಕೂತವರಿಗೆ ನಿದ್ದೆ ಬರುತ್ತಿತ್ತು. ನಾನು ಇದನ್ನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ, ಆದರೆ ನಮ್ಮ ಕಂಪನಿಯಲ್ಲಿ ಇದು ದೂರು.

ಭಾವ ಅಂದರೆ ನನ್ನ ಅಕ್ಕನ ಗಂಡ. ನಮ್ಮ ಊರಿನ ಬೆನ್ನಿಗೇ ಒಂದು ಬೋಳು ಬೆಟ್ಟ ನೆಟ್ಟಗೆ ಎದ್ದು ನಿಂತಿದೆ. ಅದರ ಮೇಲೆ ಉಪ್ಪಿನ ಬಯಲು, ಬಯಲಿನ ಅಂಚಿಗೆ ಉಪ್ಪು ಕೆರೆಯುವವರ ಒಂದಷ್ಟು ಮನೆ. ಅಲ್ಲಿಗೆ ಹೋಗಲು ಬಂಡೆಯ ಪಕ್ಕೆ ಕೊರೆದು ಮಾಡಿದ ಒಂದೇ ಒಂದು ರಸ್ತೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಹುಲ್ಲುಕಡ್ಡಿಯೂ ಹುಟ್ಟದ ಜಾಗ. ಮಧ್ಯಾಹ್ನದ ಬಿಸಿಲಿಗೆ ಕಲ್ಲು ಕಾದು ಚಟಚಟ ಸಿಡಿಯುತ್ತದೆ, ಗಾಳಿ ಬೀಸಿದರೆ ಉಪ್ಪಿನ ಪುಡಿ ಕಣ್ಣಿಗೆ ತುಂಬುತ್ತದೆ, ಕೆಳಗೆ ಇಣುಕಿದರೆ ಬತ್ತಿದ ಹೊಳೆಯಲ್ಲಿ ಯಾವ ಕಾಲದಲ್ಲೋ ಉರುಳಿದ ಲಾರಿಗಳು ತುಕ್ಕು ಹಿಡಿದು ಬಿದ್ದಿರುವುದು ಕಾಣುತ್ತದೆ. ಈ ರಸ್ತೆಯಲ್ಲಿ ಭಾವ ತಲೆಗೂದಲು ಕಪ್ಪಗಿದ್ದಾಗಿನಿಂದ ಗಾಡಿ ಓಡಿಸಿದವರು. ಮೊದಲು ಉಪ್ಪಿನ ಲಾರಿ, ಆಮೇಲೆ ಜೀಪು. ಒಂದು ಕನ್ನಡಿ ಕೂಡ ತರಚಿಸಿಕೊಂಡವರಲ್ಲ.

ತಿರುವು ಬಂದಾಗೆಲ್ಲ ಅವರು ಸ್ಟಿಯರಿಂಗ್ ಸವರುತ್ತಾ “ಸಾವಕಾಶ, ಸಾವಕಾಶ” ಅನ್ನುತ್ತಿದ್ದರು. ಜೀಪಿಗೆ ಹೇಳುತ್ತಿದ್ದರೋ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರೋ ಗೊತ್ತಿಲ್ಲ. ಅಕ್ಕ ಚಹಾ ಬಗ್ಗಿಸುವಾಗಲೂ ಅದನ್ನೇ ಅನ್ನುತ್ತಿದ್ದರು. ಹೀಗಾಗಿ ಅವರ ಹೆಸರೇ ಸಾವಕಾಶ ಅಂತ ಆಗಿಹೋಯಿತು. ಮೇಲಿನವರು ಕಾಯಿಲೆಯವರನ್ನು, ಮುದುಕರನ್ನು ಆಸ್ಪತ್ರೆಗೆ ಇಳಿಸಬೇಕಾದರೆ “ಸಾವಕಾಶ ಬರಲಿ ಇರು” ಅಂತ ಕಾಯುತ್ತಿದ್ದರು. ಭಾವನಿಗೆ ಇದ್ದ ಹೆಮ್ಮೆ ಅದೊಂದೇ. ಅದನ್ನೂ ಬಾಯಿಬಿಟ್ಟು ಹೇಳಿಕೊಳ್ಳುವ ಜಾತಿಯವರಲ್ಲ.

ಆಮೇಲೆ ಯಾರೋ ಪುಣ್ಯಾತ್ಮ ಬಂದು ಹೆಲ್ಮೆಟ್ ಮೇಲೆ ಕ್ಯಾಮೆರಾ ಕಟ್ಟಿಕೊಂಡು ಈ ರಸ್ತೆಯಲ್ಲಿ ಹೋಗಿ, “ಜಗತ್ತಿನ ಅತಿ ಭಯಂಕರ ದಾರಿ” ಅಂತ ವಿಡಿಯೋ ಹಾಕಿದ. ನಮಗೆ ಆಶ್ಚರ್ಯ. ಇಷ್ಟು ದಿನ ಇದನ್ನು ನಾವು ಬರೀ ಕೆಟ್ಟ ರಸ್ತೆ ಅಂದುಕೊಂಡಿದ್ದೆವು. ಜನ ಎಲ್ಲೆಲ್ಲಿಂದಲೋ ಹೆದರಿಕೊಳ್ಳಲು ಬರತೊಡಗಿದರು. ಅಂಚಿಗೆ ತಡೆಗೋಡೆ ಕಟ್ಟಬೇಕು ಅಂತ ನಾವು ಅರ್ಜಿ ಹಾಕಿ ಹಾಕಿ ಕೊನೆಗೂ ಕೆಲಸ ಶುರುವಾಗಿತ್ತು. ಗೋಡೆ ಬಂದರೆ ನೋಟ ಕೆಡುತ್ತದೆ ಅಂತ ಅದನ್ನು ಅಲ್ಲಿಗೇ ನಿಲ್ಲಿಸಿದರು. ಕಟ್ಟಿದ್ದ ಒಂದು ತುಂಡು ಗೋಡೆಯನ್ನು ಫೋಟೋ ತೆಗೆಸಿಕೊಳ್ಳುವವರು ಕೂರಲಿ ಅಂತ ಉಳಿಸಿದ್ದಾರೆ.

ಊರಿನಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಒಬ್ಬರು ಅಂಗಡಿ ಮುಚ್ಚಿ ಜೀಪು ಕಂಪನಿ ತೆರೆದರು. ಅಲ್ಲಿಯ ತನಕ ಜನರಿಗೆ ನಿದ್ದೆ ಮಾರುತ್ತಿದ್ದವರು ಅವತ್ತಿನಿಂದ ನಿದ್ದೆಗೆಡಿಸುವ ವ್ಯಾಪಾರಕ್ಕೆ ಇಳಿದರು. ಅವರೇ ನಮ್ಮ ಮಾಲೀಕರು. ಭಾವ ಅವರ ಜೀಪು ಓಡಿಸುತ್ತಾರೆ, ನಾನು ಅವರ ಟಿಕೆಟ್ ಕಿಟಕಿಯಲ್ಲಿ ಕೂರುತ್ತೇನೆ. ಹೃದಯದ ತೊಂದರೆ ಇದೆಯಾ ಅಂತ ಕೇಳುವುದು ನನ್ನ ಕೆಲಸ. ಇದೆ ಅಂದರೆ ಜನ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಈಚೆಗೆ ಕೇಳುವುದನ್ನು ಬಿಟ್ಟಿದ್ದೇನೆ.

ಉಳಿದ ಡ್ರೈವರುಗಳು ಬೇಗ ಕಲಿತುಕೊಂಡರು. ಒಬ್ಬ ತಿರುವಿನಲ್ಲಿ ಕಣ್ಣು ಮುಚ್ಚಿದ ಹಾಗೆ ನಟಿಸುತ್ತಾನೆ. ಇನ್ನೊಬ್ಬ ಹಿಂದೆ ತಿರುಗಿ ಕೂತು ಕಥೆ ಹೇಳುತ್ತಾ ಓಡಿಸುತ್ತಾನೆ. ಎಲ್ಲರಿಗಿಂತ ಹೆಸರು ಮಾಡಿದವನು ‘ಸಿಡಿಲು’ ಅನ್ನುವ ಒಬ್ಬ ತರುಣ. ಒಂದು ಗಾಲಿಯನ್ನು ಗಾಳಿಯಲ್ಲಿ ತೇಲಿಸಿ ಮತ್ತೆ ರಸ್ತೆಗೆ ತರುತ್ತಾನೆ. ಇಳಿದವರು ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು, ಫೋನ್ ತೆಗೆದು ಅವನಿಗೆ ಐದಕ್ಕೆ ಐದು ನಕ್ಷತ್ರ ಕೊಡುತ್ತಾರೆ. ಭಾವನ ಜೀಪಿನವರು ಮಾತ್ರ ಹಾಯಾಗಿ ಮೈಮುರಿದು, ಆಕಳಿಸುತ್ತಾ ಇಳಿದು, “ಆ ಭಯಂಕರ ಜಾಗ ಇನ್ನೂ ಬಂದಿಲ್ವಾ?” ಅಂತ ಕೇಳುತ್ತಿದ್ದರು.

ಮಾಲೀಕರು ಭಾವನನ್ನು ಕರೆಸಿದರು. “ನೋಡಿ, ನೀವು ಹಿರಿಯರು. ಆದ್ರೆ ಇನ್ನೊಂದು ವಾರದಲ್ಲಿ ಒಬ್ಬರಾದ್ರೂ ಕಿರುಚಿಕೊಂಡ್ರು ಅಂತ ನನ್ನ ಕಿವಿಗೆ ಬೀಳಬೇಕು. ಇಲ್ದಿದ್ರೆ ಬೆಟ್ಟ ಬಿಡಿ, ಶೆಡ್‌ನಲ್ಲಿ ಜೀಪು ತೊಳೆಯೋ ಕೆಲಸ ಕೊಡ್ತೀನಿ” ಅಂದರು.

ಅವತ್ತು ಸಂಜೆ ಅಡುಗೆಮನೆಯಲ್ಲಿ ತಾಲೀಮು. ಭಾವ ಮುಂದೆ ಸ್ಟೂಲಿನ ಮೇಲೆ ತಟ್ಟೆ ಹಿಡಿದು ಕೂತರು. ಹಿಂದೆ ಪ್ರಯಾಣಿಕರಾಗಿ ಅಕ್ಕ ಮತ್ತು ನಾನು.

“ಈಗ ಬ್ರೇಕ್ ಹಿಡೀತಿಲ್ಲ ಅಂತ ಕೂಗಿ” ಅಂದಳು ಅಕ್ಕ.

ಭಾವ ಗಂಟಲು ಸರಿಮಾಡಿಕೊಂಡು, “ಬ್ರೇಕ್ ಯಾಕೋ ಸ್ವಲ್ಪ ಸಡಿಲ ಇದ್ದ ಹಾಗಿದೆ. ಯಾರೂ ಗಾಬರಿ ಆಗಬೇಡಿ, ಪಕ್ಕಕ್ಕೆ ನಿಲ್ಲಿಸಿ ನೋಡ್ತೀನಿ” ಅಂದರು.

“ಅಯ್ಯೋ ನಿಮ್ಮ! ಪಕ್ಕದಲ್ಲಿ ಪ್ರಪಾತ ಇದೆ ಕಣ್ರೀ!”

“ಅದಕ್ಕೇ ಬಂಡೆ ಕಡೆಗೆ ನಿಲ್ಲಿಸ್ತೀನಿ.”

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ನಗುವಿನ ನೀರಲ್ಲ ಅಂತ ನನಗೆ ಗೊತ್ತಾಯಿತು.

ಭಾವನನ್ನು ಉಳಿಸಿದ್ದು ಒಬ್ಬ ಬೋರ್ಡು ಬರೆಯುವವನು. ಪ್ರತಿ ಜೀಪಿನ ಬಾಗಿಲ ಮೇಲೆ ಡ್ರೈವರನ ಅಡ್ಡಹೆಸರು ದಪ್ಪಗೆ ಬರೆಸಬೇಕು ಅಂತ ಮಾಲೀಕರಿಗೆ ಹೊಳೆಯಿತು. ಸಿಡಿಲು, ಪಾತಾಳ, ಕೊನೇ ಉಸಿರು, ಹೀಗೆ ಒಂದೊಂದಾಗಿ ಕೆಂಪು ಬಣ್ಣದಲ್ಲಿ ಬರೆದುಕೊಂಡು ಬಂದವನು ಭಾವನ ಜೀಪಿನ ಮುಂದೆ ನಿಂತು ತಲೆ ಕೆರೆದುಕೊಂಡ. ‘ಸಾವಕಾಶ’ ಅಂತ ಬರೆಯಬೇಕಂತೆ. ಇಂಥ ಕಂಪನಿಯಲ್ಲಿ ಯಾವನಾದರೂ ಸಾವಕಾಶ ಅಂತ ಬರೆಸುತ್ತಾನೆಯೇ? ಹೇಳಿದವರು ಎಲ್ಲೋ ಒಂದು ‘ವ’ ನುಂಗಿದ್ದಾರೆ ಅಂತ ಅವನೇ ತೀರ್ಮಾನಿಸಿ, ಪದ ಬಿಡಿಸಿ, ಮುಂದಿನ ಬಾಗಿಲ ಮೇಲೆ ‘ಸಾವು’ ಅಂತಲೂ ಹಿಂದಿನ ಬಾಗಿಲ ಮೇಲೆ ‘ಅವಕಾಶ’ ಅಂತಲೂ ಬರೆದುಬಿಟ್ಟ. ಕೇಳಿದರೆ, “ಸಂಧಿ ಬಿಡಿಸಿದ್ದೀನಿ ಸಾರ್, ಓದೋರಿಗೆ ಸುಲಭ ಆಗ್ಲಿ ಅಂತ” ಅಂದ. ಶಾಲೆಯಲ್ಲಿ ವ್ಯಾಕರಣದ ಮೇಷ್ಟ್ರು ಇವನಿಗೆ ಕೊಟ್ಟ ಏಟು ಒಂದೂ ವ್ಯರ್ಥವಾಗಿರಲಿಲ್ಲ.

ಮರುದಿನ ನನ್ನ ಕಿಟಕಿಯ ಮುಂದೆ ಸಾಲು. ಎಲ್ಲರಿಗೂ ‘ಸಾವು ಅವಕಾಶ’ವೇ ಬೇಕು.

ಭಾವ ಒಂದಿಷ್ಟೂ ಬದಲಾಗಿರಲಿಲ್ಲ. ಅದೇ ಆಮೆ ನಡಿಗೆ, ಅದೇ ಬಂಡೆಯ ಬದಿ. ಆದರೆ ಈಗ ಯಾರಿಗೂ ನಿದ್ದೆ ಬರಲಿಲ್ಲ. ಇಷ್ಟು ನಿಧಾನ ಯಾಕೆ ಹೋಗುತ್ತಿದ್ದಾನೆ? ಬೀಳಿಸಲು ಜಾಗ ಹುಡುಕುತ್ತಿದ್ದಾನೆಯೇ? ತಿರುವಿನಲ್ಲಿ ಅವರು ಮೆಲ್ಲಗೆ “ಸಾವಕಾಶ, ಸಾವಕಾಶ” ಅಂದರೆ ಹಿಂದೆ ಕೂತವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಒಬ್ಬ ದೊಡ್ಡ ಮನುಷ್ಯ ಜೀಪಿನಲ್ಲೇ ಹೆಂಡತಿಗೆ ಏನೇನನ್ನೋ ಒಪ್ಪಿಕೊಂಡನಂತೆ. ಕೆಳಗಿಳಿದ ಮೇಲೆ ಅವಳು ಮಾತ್ರ ಐದು ನಕ್ಷತ್ರ ಕೊಟ್ಟಳು.

ಭಾವ ಮಾಲೀಕರ ಹತ್ತಿರ ಹೋಗಿ, “ಅದು ನನ್ನ ಹೆಸರಲ್ಲ, ಅಳಿಸಿಬಿಡಿ” ಅಂದರು.

“ನಿಮ್ಮ ಹೆಸರೇ ರೀ. ಸ್ವಲ್ಪ ಬಿಡಿಸಿ ಬರೆದಿದ್ದಾರೆ ಅಷ್ಟೇ. ಕೈ ಹಾಕೀರಾ ಜೋಕೆ!” ಅಂದರು ಮಾಲೀಕರು. ಶೆಡ್ಡಿನ ಮಾತು ಮತ್ತೆ ಬರಲಿಲ್ಲ. ಕೆಲಸ ಉಳಿಯಿತಲ್ಲ ಅಂತ ಅಕ್ಕ ನೆಮ್ಮದಿಪಟ್ಟಳು. ಭಾವ ಮಾತ್ರ ಊಟದಲ್ಲಿ ಕೈಯಾಡಿಸುತ್ತಾ, “ನನ್ನ ಗಾಡೀಲಿ ಜನ ಅಳ್ತಾರೆ ಕಣೋ” ಅಂದರು. ನನಗೂ ಸಂಕಟವಾಯಿತು, ಆದರೂ ಬೆಳಿಗ್ಗೆ ಎದ್ದು ಹೋಗಿ ಟಿಕೆಟ್ ಹರಿದೆ.

ಇಷ್ಟರಲ್ಲಿ ಅವರ ಮಗಳ ವಿಷಯ ಬಂತು. ಅವಳನ್ನು ಕೊಟ್ಟಿರುವುದು ಮೇಲಿನ ಉಪ್ಪಿನ ಬಯಲಿಗೇ. ಈಗ ತುಂಬು ಬಸುರಿ. ಮೇಲೆ ಆಸ್ಪತ್ರೆ ಇಲ್ಲ. ಮಗು ಅಡ್ಡ ತಿರುಗಿದ ಹಾಗಿದೆ, ಕುಲುಕಾಡಿಸದೆ ಕೆಳಗೆ ಕರೆದುಕೊಂಡು ಹೋಗಿ, ಒಂದು ಎತ್ತಿಹಾಕಿದರೂ ಕಷ್ಟ ಅಂತ ನರ್ಸಮ್ಮ ಹೇಳಿದ್ದರು. ಭಾವನ ಮುಖಕ್ಕೆ ಎಷ್ಟೋ ದಿನಗಳ ಮೇಲೆ ಕಳೆ ಬಂತು. ಬೆಳಿಗ್ಗೆ ಪ್ರವಾಸಿಗರನ್ನು ಮೇಲಕ್ಕೆ ಒಯ್ದು, ಬರುವಾಗ ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬರುವುದು ಅಂತ ನಿರ್ಧಾರವಾಯಿತು. ಸೀಟಿಗೆ ಅಕ್ಕ ಎರಡು ದಿಂಬು ಕಟ್ಟಿದಳು. ಜೊತೆಗೆ ಒಬ್ಬರಿರಲಿ ಅಂತ ನನ್ನನ್ನೂ ಅಟ್ಟಿದಳು.

ಮೇಲೆ ಮಗಳ ಮನೆ ಮುಂದೆ ಜೀಪು ನಿಂತಿತು. ಬೀಗಿತ್ತಿ, ಅಂದರೆ ಮಗಳ ಅತ್ತೆ, ಸೊಸೆಯ ಕೈ ಹಿಡಿದು ಹೊರಗೆ ಬಂದರು. ಬಾಗಿಲು ನೋಡಿದರು. ಹಿಡಿದ ಕೈಯನ್ನು ಹಾಗೇ ಹಿಂದಕ್ಕೆ ಎಳೆದುಕೊಂಡರು.

“ಇದೇನಿದು ಬರೆಸಿರೋದು?”

“ಅದು ಸಾವಕಾಶ ಅಂತ, ಬೀಗರೇ. ಬರೆಯೋವಾಗ ತಪ್ಪಾಗಿದೆ.”

“ನನಗೂ ಓದಕ್ಕೆ ಬರುತ್ತೆ. ತುಂಬಿದ ಬಸುರೀನ ಸಾವು ಅಂತ ಬರೆದಿರೋ ಬಾಗಿಲಿಂದ ಹತ್ತಿಸ್ತೀರಾ? ಹೆತ್ತಪ್ಪ ಆಡೋ ಆಟವಾ ಇದು?”

ಮಗಳು, “ಅತ್ತೆ, ಅಪ್ಪನಷ್ಟು ನಿಧಾನ ಯಾರೂ ಓಡಿಸಲ್ಲ” ಅಂದಳು. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದಲ್ಲೇ ಸಿಡಿಲುವಿನ ಜೀಪು ನಿಂತಿತ್ತು. ಮುಂದಿನ ಎರಡು ಸೀಟು ಖಾಲಿ. ಸಿಡಿಲು ಅಂದರೆ ಮಿಂಚು, ಮಿಂಚು ಅಂದರೆ ಬೆಳಕು, ಬೆಳಕು ಒಳ್ಳೆಯದೇ ಅಂತ ಅವರು ತಮ್ಮದೇ ಲೆಕ್ಕ ಹಾಕಿ, ಸೊಸೆಯನ್ನು ಅದರಲ್ಲಿ ಹತ್ತಿಸಿ ತಾವೂ ಹತ್ತಿದರು.

ಭಾವ ಸಿಡಿಲುವನ್ನು ಪಕ್ಕಕ್ಕೆ ಕರೆದರು. “ಇವತ್ತೊಂದಿನ ಸಾವಕಾಶ ಹೋಗಪ್ಪಾ. ನನ್ನ ಮಗಳು.”

“ಅಣ್ಣಾ, ಹಿಂದೆ ನಾಲ್ಕು ಜನ ಟಿಕೆಟ್ ತಗೊಂಡೋರಿದ್ದಾರೆ. ಅವ್ರನ್ನ ಹೆದರಿಸ್ದೆ ಇದ್ರೆ ನನ್ನ ಗತಿ? ನಿಮ್ಮನ್ನ ಶೆಡ್‌ಗೆ ಹಾಕ್ತೀನಿ ಅಂದಿದ್ರು, ನೆನಪಿಲ್ವಾ? ಏನೂ ಆಗಲ್ಲ ಬಿಡಿ, ನನ್ನ ಕೈ ಪಳಗಿದೆ.”

ಭಾವ ಅವನ ಮಾತು ಮುಗಿಯುವ ತನಕ ನಿಂತರು. ಆಮೇಲೆ ಓಡಿದರು. ಅವರು ಓಡಿದ್ದನ್ನು ನಾನು ಕಂಡಿದ್ದೇ ಇಲ್ಲ. ಉಪ್ಪಿನ ಮೇಲೆ ಮಲಗಿ ಫೋಟೋ ತೆಗೆಸಿಕೊಳ್ಳುತ್ತಿದ್ದ ನಮ್ಮ ಪ್ರವಾಸಿಗರನ್ನು ರಟ್ಟೆ ಹಿಡಿದು ಎಬ್ಬಿಸಿ, ಒಬ್ಬನ ಚಪ್ಪಲಿ ಅಲ್ಲೇ ಬಿಟ್ಟು, ಎಲ್ಲರನ್ನೂ ಜೀಪಿಗೆ ತುಂಬಿದರು. ಸಿಡಿಲು ಗಾಡಿ ಸ್ಟಾರ್ಟ್ ಮಾಡುವಷ್ಟರಲ್ಲಿ ನಾವು ರಸ್ತೆಯ ಬಾಯಿಗೆ ಬಂದು ಅವನ ಮುಂದೆ ನಿಂತಿದ್ದೆವು. ಆ ರಸ್ತೆಯಲ್ಲಿ ಒಂದೇ ಗಾಡಿಗೆ ಜಾಗ. ಮುಂದಿನವನು ಹೇಗೆ ಹೋದರೆ ಹಿಂದಿನವನೂ ಹಾಗೇ.

ಭಾವ ಮೊದಲ ಗೇರು ಹಾಕಿದರು. ಅದನ್ನು ಬದಲಾಯಿಸಲಿಲ್ಲ.

ಹಿಂದಿನಿಂದ ಹಾರ್ನ್ ಶುರುವಾಯಿತು. ಆಮೇಲೆ ಬೈಗುಳ. “ಏಯ್ ಸಾವು! ದಾರಿ ಬಿಡೋ!” ಅಂತ ಸಿಡಿಲು ಅರಚುವುದು ಬಂಡೆಗೆ ಬಡಿದು ಎರಡೆರಡು ಸಲ ಕೇಳಿಸಿತು. ಭಾವ ಕನ್ನಡಿಯಲ್ಲಿ ಮಗಳ ಮುಖ ನೋಡುತ್ತಿದ್ದರು, ಗುಂಡಿ ಬಂದರೆ ಜೀಪನ್ನು ಹತ್ತಿಯ ಮೂಟೆಯ ಹಾಗೆ ಇಳಿಸುತ್ತಿದ್ದರು. ಅವರ ಹಿಂದೆ ಬೇರೆ ದಾರಿಯಿಲ್ಲದೆ ಸಿಡಿಲೂ ಹಾಗೇ ಇಳಿಸುತ್ತಿದ್ದ.

ಅರ್ಧ ದಾರಿಯಲ್ಲಿ ಒಂದು ಕಡೆ ರಸ್ತೆ ಅಗಲವಾಗುತ್ತದೆ. ಎದುರು ಗಾಡಿ ಬಂದರೆ ಸರಿಯಲು ಮಾಡಿದ ಜಾಗ. ನಮ್ಮನ್ನು ಹಿಂದೆ ಹಾಕಲು ಸಿಡಿಲು ಅಲ್ಲಿಗಾಗಿಯೇ ಕಾದಿದ್ದ. ಅವನು ಹೊರಬದಿಗೆ ನುಗ್ಗಿದ್ದು ಭಾವನಿಗೆ ಕನ್ನಡಿಯಲ್ಲಿ ಕಂಡಿತು. ಜೀವಮಾನವೆಲ್ಲ ಬಂಡೆಗೆ ಅಂಟಿಕೊಂಡು ಓಡಿಸಿದ ಮನುಷ್ಯ, ಆ ಗಳಿಗೆಯಲ್ಲಿ ಸ್ಟಿಯರಿಂಗ್ ತಿರುಗಿಸಿ ಜೀಪನ್ನು ಅಂಚಿಗೇ ತಂದು ಅಡ್ಡ ಹಿಡಿದರು. ನನ್ನ ಬದಿಯ ಗಾಲಿಯ ಕೆಳಗಿನ ಕಲ್ಲು ಜಾರಿತು. ಅದು ಬಿದ್ದ ಸದ್ದಿಗೆ ಕಿವಿಗೊಟ್ಟು ಕೂತೆ, ಬರಲೇ ಇಲ್ಲ. ಹಿಂದಿನವರು ಕಿರುಚಲಿಲ್ಲ, ನಿಜವಾಗಿ ಹೆದರಿದವರಿಗೆ ಸದ್ದು ಹೊರಡುವುದಿಲ್ಲ ಅಂತ ಅವತ್ತು ತಿಳಿಯಿತು.

“ಭಾವಾ!” ಅಂದೆ.

“ಸುಮ್ನಿರು. ಅವಳು ಹೇಗಿದ್ದಾಳೆ ನೋಡು.”

ತಿರುಗಿ ನೋಡಿದೆ. ಸಿಡಿಲು ಬ್ರೇಕ್ ಒತ್ತಿ ನಿಂತುಬಿಟ್ಟಿದ್ದ, ಮುಖ ಬಿಳಿಚಿಕೊಂಡಿತ್ತು. ಮಗಳು ಅತ್ತೆಯ ಹೆಗಲಿಗೆ ತಲೆ ಇಟ್ಟುಕೊಂಡಿದ್ದಳು. “ನಿದ್ದೆ ಮಾಡ್ತಿದ್ದಾಳೆ” ಅಂದೆ. ಭಾವ ಉಸಿರು ಬಿಟ್ಟು, ಗಾಲಿಯನ್ನು ಇಂಚಿಂಚಾಗಿ ಒಳಕ್ಕೆ ತಂದುಕೊಂಡರು. ಅಲ್ಲಿಂದ ಮುಂದೆ ಹಾರ್ನ್ ಕೇಳಿಸಲಿಲ್ಲ.

ಸಂಜೆಯ ಹೊತ್ತಿಗೆ ಆಸ್ಪತ್ರೆ ತಲುಪಿದೆವು. ದಾರಿಯಲ್ಲಿ ಕಚೇರಿ ಹತ್ತಿರ ಇಳಿದುಕೊಂಡ ಸಿಡಿಲುವಿನ ಪ್ರವಾಸಿಗರು ಒಂದೂ ನಕ್ಷತ್ರ ಕೊಡಲಿಲ್ಲ. ನಮ್ಮವರು ಇಳಿದು ಸೀದಾ ನಡೆದುಬಿಟ್ಟರು. ಚಪ್ಪಲಿ ಕಳೆದುಕೊಂಡವನು ಕೂಡ ಅದನ್ನು ಕೇಳಲಿಲ್ಲ. ಮಗು ಅಡ್ಡ ತಿರುಗಿರಲಿಲ್ಲ, ತಾಯಿ ಚೆನ್ನಾಗಿದ್ದಾಳೆ, ಎರಡು ದಿನ ಇಲ್ಲೇ ಇರಲಿ ಅಂದರು ಡಾಕ್ಟರು. ಭಾವ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅಂಗೈ ನೋಡಿಕೊಳ್ಳುತ್ತಿದ್ದರು. ಸ್ಟಿಯರಿಂಗ್ ಹಿಡಿದ ಗುರುತು ಕೆಂಪಗೆ ಮೂಡಿತ್ತು.

ಬೀಗಿತ್ತಿ ಒಳಗಿನಿಂದ ಬಂದವರೇ ಅವರ ಮುಂದೆ ನಿಂತರು.

“ಓಡಿಸಿದ್ರೆ ಹಾಗೆ ಓಡಿಸ್ಬೇಕು ನೋಡಿ, ಆ ಹುಡುಗ. ಒಂದು ಕುಲುಕಾಟ ಇಲ್ಲ, ಒಂದು ಎತ್ತಿಹಾಕಿದ್ದು ಇಲ್ಲ. ನೀವು ದಾರಿಯುದ್ದಕ್ಕೂ ಅಷ್ಟು ಅಡ್ಡ ಬಂದ್ರೂ ಎಷ್ಟು ತಾಳ್ಮೆಯಿಂದ ಕರ್ಕೊಂಡು ಬಂದ! ಇಷ್ಟು ವರ್ಷ ಓಡಿಸಿದ್ದೀರಿ, ಅವನನ್ನ ನೋಡಿ ಕಲೀಬಾರ್ದಾ?”

ನಿಜ ಹೇಳಿಬಿಡಬೇಕು ಅಂತ ಬಾಯಿ ತೆರೆದೆ. ಭಾವ ನನ್ನ ಮಂಡಿ ಅದುಮಿದರು.

“ಕೂಸನ್ನ ಎತ್ಕೊಂಡು ಮೇಲೆ ಹೋಗುವಾಗ್ಲೂ ಅವನ ಗಾಡೀನೇ ಹೇಳ್ತೀನಿ. ಈಗ್ಲೇ ಹೇಳಿದ್ದೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ” ಅಂದರು ಬೀಗಿತ್ತಿ.

“ಬೇಜಾರೇನಿಲ್ಲ ಬೀಗರೇ” ಅಂದರು ಭಾವ. “ಅವನ ಗಾಡೀಲೇ ಹೋಗಿ. ಹೊರಡೋ ದಿನ ಮಾತ್ರ ನನಗೊಂದು ಮಾತು ಹೇಳಿ, ನಾನು ಮುಂದೆ ಇರ್ತೀನಿ.”