ಸೋಮವ್ವನ ಮನೆ ನೋಡಲು ಬಂದವರು

ಮೊದಲೇ ಹೇಳಿಬಿಡುತ್ತೇನೆ, ಆ ಫ್ರಿಜ್ಜು ಸೋಮವ್ವನದಲ್ಲ. ಅದು ದಸ್ತಗೀರಸಾಬರ ಸೋಡಾ ಅಂಗಡಿಯದು. ಟಿ.ವಿ., ಪ್ಲಾಸ್ಟಿಕ್ ಕುರ್ಚಿಗಳು, ಫಳಫಳ ಹೊಳೆಯುವ ಸ್ಟೀಲಿನ ತಾಟುಗಳು, ಮಂಚದ ಮೇಲಿನ ಹೂವಿನ ಚಾದರ, ಇವೆಲ್ಲ ಕಮತಗಿಯ ನಮ್ಮ ಓಣಿಯ ಬೇರೆ ಬೇರೆ ಮನೆಗಳಿಂದ ಬಂದಂಥವು. ಈಗ ಯಾರು ಏನೇ ಅನ್ನಲಿ, ಅದು ಮೋಸವಲ್ಲ. ನಮ್ಮಲ್ಲಿ ಕನ್ಯೆ ನೋಡಲು ಬೀಗರು ಬಂದಾಗ ಯಾರ ಮನೆಯ ಜಮಖಾನೆ ಯಾರ ಮನೆಯಲ್ಲಿ ಹಾಸಿದೆ ಎಂದು ಯಾರೂ ಕೇಳುವುದಿಲ್ಲ. ಸೋಮವ್ವನ ಮನೆ ನೋಡಲು ಮಂದಿ ಬಂದ ದಿನ ನಾನು ಊರಲ್ಲಿರಲಿಲ್ಲ. ಇದ್ದಿದ್ದರೆ ನನ್ನ ಮನೆಯ ಮೇಜೂ ಹೋಗಿರುತ್ತಿತ್ತು.

ಸೋಮವ್ವ ರಾಮಥಾಳದ ಕಡೆಯ ಕುರಿಗಾರರ ಮಗಳು. ಅವಳ ತಂದೆ ಹುಲ್ಲಪ್ಪನಿಗೆ ಸ್ವಂತ ಕುರಿ ಅಷ್ಟಕ್ಕಷ್ಟೇ. ದೊಡ್ಡ ಧಣಿಗಳ ಕುರಿಗಳನ್ನು ಪಾಲಿಗೆ ಹಿಡಿದು ಮೇಯಿಸುತ್ತಿದ್ದ. ಹುಟ್ಟಿದ ಮರಿಗಳಲ್ಲಿ ಅರ್ಧ ಧಣಿಗೆ, ಅರ್ಧ ಇವರಿಗೆ. ಕುರಿ ಕೊಡುವ ಮುಂಚೆ ಧಣಿ ತಾನೇ ಬಂದು ಹಟ್ಟಿ ನೋಡುತ್ತಿದ್ದ. ಅಂದು ಸೋಮವ್ವನ ತಾಯಿ ಅಂಗಳ ಸಾರಿಸಿ, ಪಕ್ಕದವರ ಹಿತ್ತಾಳೆ ಕೊಡ ತಂದು ಬಾಗಿಲಿಗೆ ಕಾಣುವಂತೆ ಇಡುತ್ತಿದ್ದಳು. ತನ್ನ ಹೊಟ್ಟೆಗೇ ಇಲ್ಲದವನ ಕೈಗೆ ಧಣಿ ತನ್ನ ಜೀವಗಳನ್ನು ಒಪ್ಪಿಸುವುದಿಲ್ಲ ಎಂಬುದು ಆ ಮನೆಯಲ್ಲಿ ಎಳೆಯ ಮಕ್ಕಳಿಗೂ ಗೊತ್ತಿದ್ದ ಮಾತು.

ಮದುವೆಯಾಗಿ ಬಂದದ್ದು ಕಮತಗಿಗೆ. ಗಂಡ ಮುತ್ತುರಾಜ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಹಬ್ಬಕ್ಕೆ ಬಂದು ಹೋಗುತ್ತಾನೆ. ಸೋಮವ್ವ ರೊಟ್ಟಿ ಬಡಿದು ಇಳಕಲ್ಲಿನ ಖಾನಾವಳಿಗೆ ಕಳಿಸುತ್ತಾಳೆ. ಒಬ್ಬಳೇ ಮಗಳು ಸುಧಾರಾಣಿ. ಹುಟ್ಟಿದಾಗಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಅವಳಿಗೆ ಮೂರು ವರ್ಷ ತುಂಬಿದಾಗ ಸರಕಾರದ ಯೋಜನೆಯಲ್ಲಿ ಆಪರೇಷನ್ ಆಯಿತು. ತಲೆಯ ಒಳಗೊಂದು ಯಂತ್ರ ಕೂರಿಸಿದರು, ಹೊರಗೆ ಕಿವಿಯ ಹಿಂದೆ ಇನ್ನೊಂದು. ಹೊರಗಿನದು ಕೇಳಿದ್ದನ್ನು ಒಳಗಿನದು ತಲೆಗೆ ಮುಟ್ಟಿಸುತ್ತದೆ. ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬಾರದು.

ಆಮೇಲಿನ ವರ್ಷಗಳನ್ನು ನಾವೆಲ್ಲ ನೋಡಿದ್ದೇವೆ. ಸೋಮವ್ವ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ವಾರ ವಾರ ಬಾಗಲಕೋಟೆಯ ಬಸ್ಸು ಹತ್ತುತ್ತಿದ್ದಳು. ಅಲ್ಲಿ ಫರಹಾನಾ ಎಂಬ ಮಾತು ಕಲಿಸುವ ಬಾಯಾರು ಇದ್ದರು. ಬಹಳ ದಿನ ಏನೂ ಆಗಲಿಲ್ಲ. ಒಂದು ಮುಂಜಾನೆ ದಸ್ತಗೀರಸಾಬರು ಅಂಗಡಿಯ ಕದ ತೆಗೆಯುವ ಸಪ್ಪಳಕ್ಕೆ ಆ ಕೂಸು ತಿರುಗಿ ನೋಡಿ "ಕಾಕಾ" ಅಂದಿತು. ದಸ್ತಗೀರಸಾಬರು ಅಂದು ಇಡೀ ಓಣಿಗೆ ಪುಕ್ಕಟೆ ಸೋಡಾ ಕೊಟ್ಟರು. ಮುಂದೆ ಸುಧಾರಾಣಿ ಎಂಥ ಮಾತುಗಾರ್ತಿಯಾದಳೆಂದರೆ, ಸಾಲೆಯಲ್ಲಿ ಮಾಸ್ತರು ಇವಳನ್ನು ಸುಮ್ಮನೆ ಕೂರಿಸುವುದಕ್ಕೇ ಒಬ್ಬ ಆಳು ಬೇಕು ಎನ್ನುತ್ತಿದ್ದರು.

ಒಂಬತ್ತನೆಯ ವಯಸ್ಸಿನಲ್ಲಿ ಹೊರಗಿನ ಯಂತ್ರ ಕೆಟ್ಟಿತು. ವಾರಂಟಿ ಎಂದೋ ಮುಗಿದಿತ್ತು. ರಿಪೇರಿಗೆ ಒಯ್ದರೆ, ಈ ಮಾದರಿ ಈಗ ಬರುವುದಿಲ್ಲ, ಹೊಸದನ್ನೇ ಕೊಳ್ಳಬೇಕು ಎಂದರು. ಬೆಲೆ ಕೇಳಿ ಮುತ್ತುರಾಜ, ಅದು ತನ್ನ ಎಷ್ಟೋ ವರ್ಷಗಳ ಕೂಲಿ ಎಂದು ಫೋನಿನಲ್ಲಿ ಹೇಳಿದ. ಹುನಗುಂದದ ಕಚೇರಿಗಳಿಗೆ ಸೋಮವ್ವ ಅಲೆದ ಕಥೆಯನ್ನು ಬರೆಯಲು ನನಗೆ ಬೇಸರ, ಓದಲು ನಿಮಗೂ ಬೇಸರ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು, ಅಷ್ಟೇ.

ಇಂಥ ಮಕ್ಕಳಿಗೆ ನೆರವಾಗುವ ವಿಲಾಯತಿಯ ಒಂದು ಸಂಸ್ಥೆಯನ್ನು ಹುಡುಕಿ ತೆಗೆದವರು ಫರಹಾನಾ. ದೊಡ್ಡ ಸಂಸ್ಥೆ ಏನಲ್ಲ. ಒಂದು ಸಣ್ಣ ಊರಿನ ವಯಸ್ಸಾದ ಮಂದಿ ಕೂಡಿ ನಡೆಸುವಂಥದ್ದು. ಮುದುಕಿಯರು ಮನೆಯಲ್ಲಿ ಕೇಕು ಮಾಡಿ ಚರ್ಚಿನ ಅಂಗಳದಲ್ಲಿಟ್ಟು ಮಾರುತ್ತಾರೆ, ಹಳೆಯ ಅರಿವೆ ಮಾರುತ್ತಾರೆ. ನಿವೃತ್ತಿಯಾದ ಬಸ್ ಡ್ರೈವರ್ ಒಬ್ಬ ಊರ ಕೆರೆಯನ್ನು ಸುತ್ತು ಹಾಕುತ್ತಾನೆ, ಅವನು ನಡೆದಷ್ಟಕ್ಕೂ ಊರವರು ದುಡ್ಡು ಕೊಡುತ್ತಾರೆ. ಹಾಗೆ ಕೂಡಿದ್ದರಲ್ಲಿ ವರ್ಷಕ್ಕೆ ಒಂದು ಪರದೇಶದ ಮಗುವಿಗೆ ಕಿವಿ ಕೊಡಿಸುತ್ತಾರೆ. ಇದನ್ನು ಕೇಳಿ ಸೋಮವ್ವನಿಗೆ ಧೈರ್ಯ ಬಂತು. ಬೀರಪ್ಪನ ಗುಡಿಗೆ ಊರವರು ಪಟ್ಟಿ ಎತ್ತಿದ ಹಾಗೇ ಆಯಿತಲ್ಲ ಇದು, ಅಂಥವರು ಕೈ ಬಿಡುವುದಿಲ್ಲ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಸಂಸ್ಥೆಯ ಇಬ್ಬರು ಮನೆ ನೋಡಲು ಬರುತ್ತಾರೆಂಬ ಸುದ್ದಿ ಬಂದದ್ದೇ ತಡ, ಓಣಿ ಎದ್ದು ನಿಂತಿತು. ದಸ್ತಗೀರಸಾಬರ ಹೆಂಡತಿ ಕಾಸಿಂಬಿ ತಾನೇ ನಿಂತು ಫ್ರಿಜ್ಜು ಹೊರಿಸಿ ತಂದಳು. ಗೋಡೆಗೆ ಸುಣ್ಣ ಬಿತ್ತು. ಸುಧಾರಾಣಿಗೆ ಯಾರದೋ ಮದುವೆಗೆಂದು ಹೊಲಿಸಿದ ಜರಿ ಲಂಗ ತೊಡಿಸಿ, ಕೊರಳಿಗೆ ಕಾಸಿಂಬಿಯ ಬಂಗಾರದ ಸರ ಹಾಕಿದರು.

ಬಂದವರು ಗಂಡ ಹೆಂಡತಿ. ಇಬ್ಬರ ತಲೆಯೂ ಬೆಳ್ಳಗಾಗಿತ್ತು. ಮುಂಜಾನೆ ಬಾದಾಮಿಯ ಗುಹೆಗಳನ್ನು ನೋಡಿಕೊಂಡು, ಫರಹಾನಾ ಜೊತೆಗೆ ಕಾರಿನಲ್ಲಿ ಮಧ್ಯಾಹ್ನ ಬಂದು ಇಳಿದರು. ಹೋಳಿಗೆ ತಿಂದರು, ತಂಪು ಸೋಡಾ ಕುಡಿದರು. ಸೋಮವ್ವ ಆ ಹೆಂಗಸಿಗೆ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಖಣ ಇಟ್ಟು ಉಡಿ ತುಂಬಿದಳು. ಆಯಮ್ಮನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಓಣಿಯ ಹೆಂಗಸರೆಲ್ಲ ಕೆಲಸ ಆದಂತೆಯೇ ಎಂದು ಒಬ್ಬರನ್ನೊಬ್ಬರು ತಿವಿದರು.

ಗಂಡಸು ಮಾತ್ರ ಕುರ್ಚಿಯಿಂದ ಎದ್ದು ಮನೆಯೆಲ್ಲ ಕಣ್ಣಾಡಿಸಿದ. ಫ್ರಿಜ್ಜಿನ ಮುಂದೆ ನಿಂತು ಫರಹಾನಾಗೆ ಏನೋ ಕೇಳಿದ. ಅವರ ಮುಖ ಇಳಿಯಿತು. ಹಿಂದೆ ಬಂದಾಗ ಈ ಮನೆಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

"ಸೋಮವ್ವಾ, ಖರೆ ಹೇಳ್ರಿ. ಇವೆಲ್ಲಾ ನಿಮ್ಮವ ಏನು?" ಎಂದರು.

ಬಾಗಿಲಲ್ಲಿ ದಸ್ತಗೀರಸಾಬರು ನಿಂತಿದ್ದರು, ಕಾಸಿಂಬಿ ನಿಂತಿದ್ದಳು, ಬಾಗಿಲ ತುಂಬ ಮಂದಿ. ಅವರೆಲ್ಲರ ಎದುರಿಗೆ, ಅವರು ಪ್ರೀತಿಯಿಂದ ಹೊತ್ತು ತಂದದ್ದನ್ನು ನನ್ನದಲ್ಲ ಎಂದು ಹೇಗೆ ಹೇಳಿಯಾಳು?

"ಹೌದ್ರಿ ಬಾಯಾರ. ನಮ್ಮವ ಅದಾವ್ರಿ," ಎಂದಳು.

ಆ ಗಂಡಸಿಗೆ ಕನ್ನಡ ಬಾರದಿದ್ದರೂ ಅವಳು ತಲೆಯಾಡಿಸಿದ್ದು ತಿಳಿಯಿತು. ಅಷ್ಟು ಮಂದಿಯ ಎದುರಿಗೆ ಅವಳನ್ನು ಸುಳ್ಳಿ ಎನ್ನಲು ಫರಹಾನಾಗೂ ಮನಸ್ಸು ಬರಲಿಲ್ಲ. ಬಂದವರು ಸುಧಾರಾಣಿಯ ತಲೆ ಸವರಿ, ಎಲ್ಲರಿಗೂ ಕೈ ಮುಗಿದು ಹೊರಟರು. ಕಾರು ತಿರುವು ದಾಟುವವರೆಗೆ ಓಣಿ ಕೈ ಬೀಸುತ್ತ ನಿಂತಿತ್ತು.

ಉತ್ತರ ಫರಹಾನಾಗೆ ಬಂತು. ಸುಧಾರಾಣಿಯ ಮನೆಯವರು ನೆಮ್ಮದಿಯಿಂದ ಇರುವುದನ್ನು ಕಂಡು ಸಂತೋಷವಾಯಿತು, ಈ ವರ್ಷದ ನೆರವನ್ನು ಇದಕ್ಕಿಂತ ಕಷ್ಟದಲ್ಲಿರುವ ಬೇರೆ ಮಗುವಿಗೆ ಕೊಡುತ್ತಿದ್ದೇವೆ ಎಂದಿತ್ತು. ಫರಹಾನಾ ಅದನ್ನು ಫೋನಿನಲ್ಲಿ ಹೇಳದೆ ತಾವೇ ಬಸ್ಸು ಹತ್ತಿ ಬಂದರು. ಅಂದು ನಾನೂ ಅಲ್ಲಿದ್ದೆ. ಅಷ್ಟು ಮೆತ್ತಗಿನ ಹೆಣ್ಣುಮಗಳು ಅಂದು ಕೂಗಾಡಿದರು. ಬಡತನ ತೋರಿಸಿದ್ದರೆ ಸಾಕಿತ್ತು, ಇದ್ದದ್ದನ್ನು ಇದ್ದ ಹಾಗೆ ಇಟ್ಟಿದ್ದರೆ ಸಾಕಿತ್ತು ಎಂದು ಅತ್ತೇಬಿಟ್ಟರು.

ಸೋಮವ್ವ ಅಳಲಿಲ್ಲ. ಅವಳಿಗೆ ತಾನು ಮಾಡಿದ ತಪ್ಪು ಯಾವುದೆಂದೇ ತಿಳಿದಿರಲಿಲ್ಲ.

"ಅಷ್ಟು ತುಟ್ಟಿ ಮಶೀನ ರೀ ಬಾಯಾರ," ಎಂದಳು. "ಹರಕ ಮನಿ ನೋಡಿದ್ರ, ಇವ್ರು ಏನು ಜ್ವಾಕಿ ಮಾಡ್ಯಾರು, ಇಲಿ ಕಡದು ಹೋದೀತು ಅಂತ ಕೊಡದ ಹೋದ್ರ? ನಮ್ಮ ಅಪ್ಪಗ ಹಂಗ ಯಾರೂ ಕುರಿ ಕೊಡತಿದ್ದಿಲ್ರಿ."

ಬಂದವರು ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಕೇಕು ಮಾರಿದ ಮುದುಕಿಯರಿಗೆ ಅವರು ಲೆಕ್ಕ ಒಪ್ಪಿಸಬೇಕಲ್ಲ, ಫ್ರಿಜ್ಜಿದ್ದವರ ಮನೆಗೆ ಯಾಕೆ ಕೊಟ್ಟಿರಿ ಎಂದರೆ ಅವರಾದರೂ ಏನು ಹೇಳಿಯಾರು?

ಫರಹಾನಾ ಇದ್ದದ್ದನ್ನೆಲ್ಲ ಸಂಸ್ಥೆಗೆ ಬಿಡಿಸಿ ಬರೆದರು. ಎಷ್ಟೋ ದಿನಗಳ ಮೇಲೆ ಸಂಸ್ಥೆಯವರು, ಬರುವ ವರ್ಷ ಮತ್ತೆ ಯೋಚಿಸೋಣ, ಬಂದರೆ ಇನ್ನೊಮ್ಮೆ ಮನೆ ನೋಡುತ್ತೇವೆ ಎಂದು ಬರೆದು ಕಳಿಸಿದರು. ಸೋಮವ್ವ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಡ ತಂದದ್ದು ಹಾಗಿರಲಿ, ತನ್ನದೇ ಗೋಡೆಯ ಗಡಿಯಾರ ಇಳಿಸಿ ಕಾಸಿಂಬಿಯ ಮನೆಯಲ್ಲಿಟ್ಟಳು. ತವರಿನಿಂದ ಬಂದ ಪೆಟ್ಟಿಗೆಯನ್ನೂ ಕಳಿಸಿದಳು. ಕುಂಕುಮ ಹಚ್ಚುವ ಕೈಯಿಂದಲೇ ಸುಣ್ಣದ ಗೋಡೆಗೆ ಒಲೆಯ ಮಸಿ ಬಳಿದಳು. ಖಾಲಿ ಮನೆಯಲ್ಲಿ ತಾಯಿ ಮಗಳು ಚಾಪೆಯ ಮೇಲೆ ಮಲಗಿ ಒಂದು ಮಳೆಗಾಲ ಕಳೆದರು. ಓಣಿಯ ಹೆಂಗಸರು ಒಳಗೆ ಬರಲು ಮುಜುಗರಪಟ್ಟು ಬಾಗಿಲಲ್ಲೇ ಮಾತಾಡಿಸಿ ಹೋಗುತ್ತಿದ್ದರು.

ಯಾರೂ ಬರಲಿಲ್ಲ. ಆ ಗಂಡಸು ಚಳಿಗಾಲದಲ್ಲಿ ತೀರಿಕೊಂಡನಂತೆ. ಉಳಿದವರು ವಯಸ್ಸಾದವರು, ನಡೆಸಲು ಕೈಲಾಗದೆ ಸಂಸ್ಥೆಯನ್ನು ಮುಚ್ಚಿದರಂತೆ. ಫರಹಾನಾ ಇನ್ನೂ ನಾಲ್ಕಾರು ಕಡೆ ಬರೆದಿದ್ದಾರೆ. ಎಲ್ಲ ಕಡೆಯಿಂದಲೂ ಸರದಿ ಕಾಯಿರಿ ಎಂಬ ಮಾತೇ ಬರುತ್ತದೆ. ಮುತ್ತುರಾಜ ಗೋವಾದಿಂದ ಕಳಿಸುವುದು ಹೊಟ್ಟೆ ಬಟ್ಟೆಗೆ ಸರಿಹೋಗುತ್ತದೆ.

ಸುಧಾರಾಣಿಗೆ ಈಗ ಹನ್ನೊಂದು ವರ್ಷ. ಯಂತ್ರ ಕೆಟ್ಟ ಹೊಸದರಲ್ಲಿ ಗಟ್ಟಿಯಾಗಿ ಕೂಗಿ ಮಾತಾಡುತ್ತಿದ್ದಳು, ತನ್ನ ದನಿ ತನಗೇ ಕೇಳದಿದ್ದರೆ ಹಾಗಾಗುತ್ತದಂತೆ. ಆಮೇಲೆ ಮಾತುಗಳು ಅಂಚು ಸವೆದು ಒಂದರೊಳಗೊಂದು ಕೂಡಿಕೊಂಡವು. ಸಾಲೆಯ ಹುಡುಗರು ನಕ್ಕರು. ಸಾಲೆ ಬಿಟ್ಟಳು. ದಸ್ತಗೀರಸಾಬರು ಎದುರಿಗೆ ನಿಂತು ಬಾಯಿ ತೆರೆದು ತೋರಿಸಿದರೂ ಈಗ ಅವಳಿಂದ ಕಾಕಾ ಎಂಬುದು ಹೊರಡುವುದಿಲ್ಲ.

ಸೋಮವ್ವ ಮಾತ್ರ ಬಿಟ್ಟಿರಲಿಲ್ಲ. ಕೇಳಲಿ ಬಿಡಲಿ, ಮಗುವಿನ ಜೊತೆ ಮಾತಾಡುತ್ತಲೇ ಇರಿ, ತುಟಿ ನೋಡಿಯಾದರೂ ಮಾತು ಉಳಿದೀತು ಎಂದು ಫರಹಾನಾ ಹೇಳಿದ್ದರು. ರೊಟ್ಟಿ ಬಡಿಯುವಾಗ, ಬಟ್ಟೆ ಒಗೆಯುವಾಗ, ಮಗಳನ್ನು ಎದುರಿಗೆ ಕೂರಿಸಿಕೊಂಡು ಇದು ಹಿಟ್ಟು, ಇದು ನೀರು ಎಂದು ತುಟಿ ದೊಡ್ಡದು ಮಾಡಿ ಹೇಳುತ್ತಿದ್ದಳು. ದಿನವೆಲ್ಲ ಹೇಳುತ್ತಿದ್ದಳು.

ಮೊನ್ನೆ ನಾನು ರೊಟ್ಟಿ ತರಲು ಹೋದಾಗಲೂ ಹೇಳುತ್ತಿದ್ದಳು. ಸುಧಾರಾಣಿ ಸುಮಾರು ಹೊತ್ತು ತಾಯಿಯ ಬಾಯಿಯನ್ನೇ ನೋಡಿದಳು. ಆಮೇಲೆ ಎದ್ದು ಹತ್ತಿರ ಬಂದು, ತನ್ನ ಅಂಗೈಯನ್ನು ತಾಯಿಯ ಬಾಯಿಯ ಮೇಲಿಟ್ಟು ಮೆಲ್ಲಗೆ ಮುಚ್ಚಿದಳು. ಸಿಟ್ಟಿನಿಂದಲ್ಲ. ದಣಿದವರು ಸಾಕು ಎನ್ನುವ ಹಾಗೆ. ಸೋಮವ್ವ ಆ ಕೈ ಸರಿಸಲಿಲ್ಲ. ಒಲೆಯ ಮೇಲೆ ರೊಟ್ಟಿ ಸೀಯುತ್ತಿತ್ತು, ಮುಂದೆ ಹೋಗಿ ನಾನೇ ತೆಗೆದಿಟ್ಟೆ.