ಎದುರುಮನೆ ಅಕ್ಕನ ಕಡಲ ಮಣ್ಣು

ಮೊನ್ನೆ ತಿಪಟೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲೇ ಕೊಬ್ಬರಿ ಚೀಲ ಇಳಿಸುತ್ತಿದ್ದರು. ಒಂದು ಚೀಲದ ಬಾಯಿ ಬಿಚ್ಚಿಕೊಂಡು ಘಮ್ಮೆಂದಿತು. ಹುಟ್ಟಿದಾಗಿನಿಂದ ಮೂಗಿಗೆ ಅಂಟಿದ ವಾಸನೆ, ಅದಕ್ಕೆ ಅಳುವುದೇನು ಬಂತು! ಆದರೂ ಕಣ್ಣು ತುಂಬಿತು. ಶೆಟ್ಟಿಕೆರೆಯ ನಮ್ಮ ಎದುರುಮನೆ ಅಕ್ಕ ನೆನಪಾದಳು... ಅವಳ ಮನೆಯ ಅಟ್ಟ, ಅಟ್ಟದ ಮೇಲಿದ್ದ ಅವಳ ಮಣ್ಣು.

ಅಕ್ಕ ಕರಾವಳಿಯ ಸಂಸ್ಥೆಯೊಂದರಲ್ಲಿ, ಹಡಗಿನಲ್ಲಿ ಹೋಗಿ ಕೊರೆದು ತಂದ ಸಮುದ್ರದ ತಳದ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಅಪ್ಪನಿಗೆ ಲಕ್ವ ಹೊಡೆದಾಗ, ಉಳಿದ ಕೆಲಸ ಊರಲ್ಲೇ ಮುಗಿಸುತ್ತೇನೆಂದು ತನ್ನ ಪಾಲಿನ ಮಣ್ಣನ್ನು ಆಳಕ್ಕೊಂದರಂತೆ ಪುಟ್ಟ ಡಬ್ಬಿಗಳಲ್ಲಿ ತುಂಬಿಕೊಂಡು ಬಂದಳು. ಊರಿಗೆ ಊರೇ ನಕ್ಕಿತು. "ನಮ್ ಕೆರೇಲಿ ಹೂಳಿರ್ಲಿಲ್ವೇನವ್ವ?" ಎಂದು ಕೇಳದವರೇ ಇಲ್ಲ. ಅವಳೂ ನಗುತ್ತಿದ್ದಳು.

ನಮ್ಮ ಕಡೆ ಕಾಯಿ ಅಟ್ಟಕ್ಕೇರಿದರೆ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುವ ತನಕ ಯಾರೂ ಮುಟ್ಟುವುದಿಲ್ಲ. ಅಷ್ಟು ಭದ್ರವಾದ ಒಣ ಜಾಗ ಇನ್ನೆಲ್ಲಿದೆ? ಡಬ್ಬಿಗಳನ್ನೂ ಅಲ್ಲೇ ಸಾಲಾಗಿಟ್ಟಳು. ಒಂದೊಂದನ್ನೇ ಇಳಿಸಿಕೊಂಡು, ಸೂಕ್ಷ್ಮದರ್ಶಕದ ಮುಂದೆ ಕೂತು, ಒದ್ದೆ ಕುಂಚದ ತುದಿಯಿಂದ ಸತ್ತ ಕಡಲಜೀವಿಗಳ, ಸಾಸಿವೆಗಿಂತ ಸಣ್ಣ ಚಿಪ್ಪುಗಳನ್ನು ಆರಿಸುತ್ತಿದ್ದಳು.

ನಾನು ಬಿಡುವವಳೇ? "ಅದ್ರಲ್ಲೇನೈತಕ್ಕ?" ಎಂದು ತಲೆ ತಿಂದೆ.

"ಕಾಯಿ ರಾಶಿ ಥರಾನೇ ಕಣೇ. ಅಡೀಲಿರೋದು ಹಳೇದು, ಮೇಲಿರೋದು ಹೊಸ್ದು," ಎಂದಳು.

ಆ ಚಿಪ್ಪಿನಲ್ಲಿರುವ ಆಮ್ಲಜನಕ ಯಾವ ಬಗೆಯದೆಂದು ನೋಡಿದರೆ, ಆ ಕಾಲದಲ್ಲಿ ಭೂಮಿಯ ಮೇಲೆ ಎಷ್ಟು ಹಿಮ ಕಟ್ಟಿತ್ತೆಂದು ತಿಳಿಯುತ್ತದಂತೆ. ಮೊದಮೊದಲು ಹಿಮಯುಗ ನಲವತ್ತು ಸಾವಿರ ವರ್ಷಕ್ಕೊಮ್ಮೆ ಬಂದು ಹೋಗುತ್ತಿತ್ತಂತೆ. ಆಮೇಲೆ ಅದೇನಾಯಿತೋ, ಲಕ್ಷ ವರ್ಷಕ್ಕೊಮ್ಮೆ ಬರತೊಡಗಿತು, ಬಂದರೆ ಮೊದಲಿಗಿಂತ ಘೋರವಾಗಿ. ಹಾಗೇಕೆ ಬದಲಾಯಿತೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆ ಬದಲಾವಣೆಯ ಕಾಲದ ಮಣ್ಣೇ ಅಕ್ಕನ ಪಾಲಿಗೆ ಬಂದಿತ್ತು. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀವು!

ಹೊಸ ಕಾಯಿ ಏರಿಸುವ ಮುನ್ನ ಅಟ್ಟ ಗುಡಿಸಿ, ಕೆಳಗಿನ ಒಲೆಗೆ ಮಣ್ಣು ಬಳಿದು ಪೂಜೆ ಮಾಡುವುದು ಆ ಮನೆಯ ರೂಢಿ. ಆ ದಿನ ಅಕ್ಕ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಸಂಜೆ ಬಂದಾಗ ಒಲೆ ಬೂದುಬಣ್ಣದಲ್ಲಿ ನುಣ್ಣಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಡಬ್ಬಿಗಳನ್ನೆಲ್ಲ ತೊಳೆದು ಬೋರಲು ಹಾಕಿತ್ತು.

"ನೋಡೆ, ಎಷ್ಟು ನುಣ್ಣಗೈತೆ ನಿನ್ ಮಣ್ಣು!" ಎಂದರು ಅವರವ್ವ, ಹಿಗ್ಗಿನಿಂದ.

ಅಕ್ಕ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಒಳಗೆ ನೋಡಿದಳು. ಅವಳ ಮುಖ ಕಂಡು ಅವ್ವ ಗಾಬರಿಯಾದರು. "ಬೇಕಾದ್ದೆಲ್ಲ ಆರಿಸ್ಕಂಡಿದ್ಯಲ್ಲ ಮಗಾ... ಕೊಬ್ಬರಿ ತೆಗೆದ್ಮೇಲೆ ಚಿಪ್ಪು ಒಲೆಗೆ ತಾನೆ?"

ಅವರನ್ನು ಬೈಯುವುದಾದರೂ ಹೇಗೆ? ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಅದಕ್ಕಿಂತ ಸರಿಯಾದ ಮಾತು ಇನ್ನಾವುದಿದೆ? ಅಕ್ಕ ಆರಿಸಿ ಮುಗಿಸಿದ್ದು ಕೆಲವೇ ಡಬ್ಬಿಗಳನ್ನು ಎಂದು ಅವರಿಗೇನು ಗೊತ್ತು...

ಆಮೇಲೆ ನಡೆದದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ. ಅವ್ವ ಈಳಿಗೆಮಣೆಯ ಪಕ್ಕದಿಂದ ಚಾಕು ತೆಗೆದುಕೊಂಡು, ಒಣಗಿದ ಒಲೆಯನ್ನು ಕೆರೆದು ಕೆರೆದು, ಮಣ್ಣನ್ನು ಮೊರಕ್ಕೆ ತುಂಬಿ ಮಗಳ ಮುಂದೆ ಹಿಡಿದರು. "ತಗಾ, ಎಲ್ಲಾ ಇಲ್ಲೇ ಐತೆ."

"ಬುಡವ್ವ," ಎಂದಳು ಅಕ್ಕ, ಮೊರ ಇಸಿದುಕೊಂಡು. "ಯಾವ್ದು ಮೊದ್ಲು ಯಾವ್ದು ಆಮೇಲೆ ಅಂತ ಇನ್ ಯಾರಿಗೂ ಗೊತ್ತಾಗಲ್ಲ."

ಕರಾವಳಿಯ ಆ ಸಂಸ್ಥೆಗೆ ಬರೆದು ಬೇರೆ ಮಣ್ಣು ಕೇಳಿ ನೋಡಿದಳು. ಅಷ್ಟು ಆಳದ್ದು ಅಲ್ಲಿಯೂ ಮುಗಿದಿತ್ತು, ಅವಳೊಬ್ಬಳಿಗಾಗಿ ಇನ್ನೊಮ್ಮೆ ಹಡಗು ಹೋಗುವುದುಂಟೇ? ಅಪ್ಪ ತೀರಿಹೋದರು. ಅಕ್ಕ ಹುಳಿಯಾರಿನ ಶಾಲೆಯೊಂದರಲ್ಲಿ ಪಾಠ ಹೇಳಿದಳು, ಸಮುದ್ರದ ಸುದ್ದಿ ಮತ್ತೆ ಎತ್ತಲಿಲ್ಲ. ಹೋದ ವರ್ಷ ಕ್ಯಾನ್ಸರ್ ಅವಳನ್ನೂ ಕೊಂಡುಹೋಯಿತು. ಹಾಳು ದೇವರು, ಒಂದು ಕೈಲಿ ಕಿತ್ತುಕೊಂಡರೆ ಇನ್ನೊಂದು ಕೈಲಾದರೂ ಕೊಡಬಾರದಿತ್ತೇ?

ಮೊನ್ನೆ ಬಸ್ಸಿಳಿದವಳು ಸೀದಾ ಅಕ್ಕನ ಅವ್ವನ ಹತ್ತಿರ ಹೋದೆ. ಕಾಫಿ ಕೊಟ್ಟರು. ಅದೂ ಇದೂ ಮಾತಾಡಿದ ಮೇಲೆ ಮೆಲ್ಲಗೆ ಕೇಳಿದರು:

"ಅವ್ಳು ಹುಡುಕ್ತಿದ್ದದ್ದು ಬ್ಯಾರೆ ಯಾರ್ಗಾನ ಸಿಕ್ತಾ ಮಗಾ?"

ಸಿಕ್ಕಿತು ಎನ್ನಲೇ? ಆಗ ಮಗಳ ದುಡಿಮೆ ಯಾರಿಗೂ ಬೇಕಿರಲಿಲ್ಲ ಎಂದಾಗುತ್ತದೆ. ಇಲ್ಲ ಎನ್ನಲೇ? ಆಗ ಆ ಒಲೆಯೇ ಅದನ್ನು ನುಂಗಿಹಾಕಿತು ಎಂದಾಗುತ್ತದೆ. ಅವ್ವ ನನ್ನ ಬಾಯನ್ನೇ ನೋಡುತ್ತಾ ಕೂತಿದ್ದರು.