ಕಾಫಿ ಬಿಲ್ಲಿನ ಹನ್ನೊಂದು ಚೌಕ

ನಮ್ಮ ಟೀಮ್ ಲೀಡ್ ಅವರ ಬಲಗೈ ತೋರುಬೆರಳಿಗೆ ಸದಾ ಕಾಫಿಯ ವಾಸನೆ. ರಾಜಾಜಿನಗರದಲ್ಲಿ ನಮ್ಮ ಸಣ್ಣ ಸಾಫ್ಟ್‌ವೇರ್ ಕಂಪನಿಯ ಕೆಳಗೇ ಇದ್ದ ದರ್ಶಿನಿಯಲ್ಲಿ, ಚೆಲ್ಲಿದ ಕಾಫಿಯಲ್ಲಿ ಬೆರಳದ್ದಿ ಸ್ಟೀಲ್ ಮೇಜಿನ ಮೇಲೆ ಪ್ರೋಗ್ರಾಮಿನ ನಕ್ಷೆ ಬರೆಯುತ್ತಿದ್ದರು. ಒಂದೊಂದು ಚೌಕವೂ ಒಂದೊಂದು ಭಾಗ. ಬರೆದದ್ದರಲ್ಲಿ ಒಂದನ್ನು ಅಂಗೈಯಿಂದ ಒರೆಸಿ, "ಇದನ್ನ ತೆಗೆದ್ರೆ ಏನ್ ಕೆಡುತ್ತೆ ಹೇಳಮ್ಮ?" ಎನ್ನುತ್ತಿದ್ದರು. ಏನೂ ಕೆಡದಿದ್ದರೆ ಅದು ಬೇಡ. ಅವರು ನನಗೆ ಕಲಿಸಿದ ವಿದ್ಯೆ ಇಷ್ಟೇ. ಕಾಲೇಜಿನ ನಾಲ್ಕು ವರ್ಷಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂತು.

ಶಾಲೆಯ ವ್ಯಾನ್ ತಡವಾದರೆ ಮನೆಯವರಿಗೆ ಮೆಸೇಜ್ ಕಳಿಸುವ ಪ್ರೋಗ್ರಾಮು ನಾನೊಬ್ಬಳೇ ಬರೆದ ಮೊದಲ ಕೆಲಸ. ಪುಟ್ಟದು, ಒಮ್ಮೆಯೂ ಕೈಕೊಡಲಿಲ್ಲ. "ಇದು ಕೆಲಸ ಅಂದ್ರೆ" ಎಂದಿದ್ದರು ಅವರು. ಆ ಮಾತಿಗೆ ವಾರವಿಡೀ ಬೀಗಿದ್ದೆ.

ಶುಕ್ರವಾರದ ಕಾಫಿಗೆ ನಮ್ಮದೊಂದು ಆಟವಿತ್ತು. ಸುಲಭದ ಕೆಲಸವನ್ನು ಯಾರು ಹೆಚ್ಚು ಗೋಜಲು ಮಾಡುತ್ತಾರೋ ಅವರೇ ಗೆದ್ದಂತೆ. ಒಮ್ಮೆ ನನ್ನ ವ್ಯಾನಿನ ಪ್ರೋಗ್ರಾಮನ್ನೇ ಹಿಡಿದು ಬಿಲ್ಲಿನ ಹಿಂದೆ ಹನ್ನೊಂದು ಚೌಕ ಹಾಕಿದೆ. ವ್ಯಾನ್ ತಡವೇ ಎಂದು ನೋಡಲು ಒಂದು, ನೋಡಿದ್ದು ನಿಜವೇ ಎಂದು ನೋಡಲು ಇನ್ನೊಂದು. ಕೊನೆಯದು, ಮೆಸೇಜೇ ತಡವಾದರೆ ಕ್ಷಮೆ ಕೇಳಲು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಇದಕ್ಕೆ ಫ್ರೇಮ್ ಹಾಕಿಸ್ಬೇಕು ಕಣಮ್ಮ" ಎಂದು ಬಿಲ್ಲನ್ನು ಮಡಚಿ ಜೇಬಿಗಿಟ್ಟುಕೊಂಡರು.

ಮುಂದಿನ ತಿಂಗಳ ಮೀಟಿಂಗಿನಲ್ಲಿ ಕಂಪನಿಯ ಡೈರೆಕ್ಟರ್ ಮುಂದೆ ಪರದೆಯ ಮೇಲೆ ಬಂದದ್ದು ಅದೇ ಹನ್ನೊಂದು ಚೌಕ, ಬಣ್ಣ ಬಳಿದುಕೊಂಡು. ಕ್ಷಮೆಯ ಚೌಕವನ್ನೂ ಬಿಟ್ಟಿರಲಿಲ್ಲ. ಕೆಳಗೆ ನಮ್ಮ ಟೀಮ್ ಲೀಡ್ ಹೆಸರು. ತಮಾಷೆಯೆಂದು ನಕ್ಕವಳು ನಾನೊಬ್ಬಳೇ. ತಮಾಷೆಯಲ್ಲ ಎಂದು ತಿಳಿದ ಮೇಲೆ ಕೇಳಿಯೇಬಿಟ್ಟೆ: "ಸಾರ್, ಇವನ್ನ ತೆಗೆದ್ರೆ ಏನ್ ಕೆಡುತ್ತೆ?"

ಅವರು ನನ್ನತ್ತ ನೋಡದೆ ಡೈರೆಕ್ಟರಿಗೆ ಹೇಳಿದರು, "ಹೊಸ ಹುಡುಗಿ ಸಾರ್. ಈಗ ಓಡ್ತಿರೋದು ಅವಳು ಪ್ರಾಕ್ಟೀಸ್‌ಗೆ ಬರೆದಿದ್ದು."

ನನ್ನ ಪ್ರೋಗ್ರಾಮು ಮೂಲೆಗೆ ಬಿತ್ತು, ಅವರು ಆರ್ಕಿಟೆಕ್ಟ್ ಎಂಬ ದೊಡ್ಡ ಹುದ್ದೆಗೇರಿದರು. ಮೆಟ್ಟಿಲ ಮೇಲೆ ಸಿಕ್ಕಾಗ, "ಚಿಕ್ಕದಾಗಿ ಮಾಡಿದ್ರೆ ನಾವು ಕೆಲಸ ಮಾಡಿದ್ದೇ ಕಾಣಲ್ಲ ಕಣಮ್ಮ" ಎಂದರು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ನಾನು ನಂಬಿದ್ದನ್ನು ಕಲಿಸಿದವರೇ ನಂಬಿರಲಿಲ್ಲ.

ಆ ಕೆಲಸ ಬಿಟ್ಟೆ. ಈಗ ಕೆಂಗೇರಿಯಲ್ಲಿ ಮೆಟ್ರೋ ಹತ್ತಿ ಬೇರೆ ಕಚೇರಿಗೆ ಹೋಗುತ್ತೇನೆ. ಹೊಸಬರು ನಕ್ಷೆ ತಂದರೆ ಒಂದು ಚೌಕದ ಮೇಲೆ ಬೆರಳಿಟ್ಟು ನನ್ನ ಹಳೆಯ ಟೀಮ್ ಲೀಡ್ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳುತ್ತೇನೆ, ಅವರದೇ ದನಿಯಲ್ಲಿ. ಸಿಟ್ಟು ಇನ್ನೂ ಆರಿಲ್ಲ. ನಾನು ಕಲಿತದ್ದರಲ್ಲಿ ಅವರು ಕಲಿಸಿದ್ದನ್ನು ತೆಗೆದರೆ ಏನು ಕೆಡುತ್ತದೆ ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಎಲ್ಲವೂ ಕೆಡುತ್ತದೆ.